ಸಬೀನಾಳಿಗೊಂದು ಕುರ್ಚಿ

ನಮ್ಮೂರು ಕ್ಲೂನ್‌ಬಾನಿನಲ್ಲಿ ಮನಸ್ಸು ಹರಿದರೆ ಪಾದ್ರಿಯ ಹತ್ತಿರ ಹೋಗಬೇಕು, ಕುರ್ಚಿ ಹರಿದರೆ ಅಟ್ರಾಕ್ಟಾ ಮಲ್ಕೆರಿನ್ ಹತ್ತಿರ. ಸುತ್ತಲಿನ ಊರುಗಳಿಗೆಲ್ಲ ಒಬ್ಬರೇ ಪಾದ್ರಿ, ಹಾಗಾಗಿ ಅವರು ಸಿಗುವುದಿಲ್ಲ. ಅಟ್ರಾಕ್ಟಾ ಯಾವಾಗಲೂ ಸಿಗುತ್ತಾಳೆ. ರಸ್ತೆ ತಿರುವಿನಲ್ಲಿ ನನ್ನ ಮನೆಗೆ ಅಂಟಿಕೊಂಡ ಕೊಟ್ಟಿಗೆಯಲ್ಲಿ ಓಟ್ಸ್ ಹುಲ್ಲಿನ ರಾಶಿಯ ನಡುವೆ ಕೂತು, ಹುಲ್ಲನ್ನು ತಿರುಚಿ ಹಗ್ಗ ಮಾಡಿ, ಹಗ್ಗವನ್ನು ಕುರ್ಚಿಯ ಚೌಕಟ್ಟಿಗೆ ಸುತ್ತಿ ಸೀಟು ಹೆಣೆಯುತ್ತಾಳೆ. ಈ ಕೆಲಸ ಕಲಿಸಿದವನು ಅವಳ ಅಪ್ಪ ಫೆಸ್ಟಿ. ಈಗ ಊರಲ್ಲಿ ಇನ್ನೊಬ್ಬರಿಗೆ ಬರುವುದಿಲ್ಲ. ಗೋಡೆಯಾಚೆಯಿಂದ ಹುಲ್ಲು ಸರಸರ ಎನ್ನುವ ಸದ್ದು ಕೇಳುತ್ತ ನಾನು ಎಷ್ಟೋ ಸಲ ಯೋಚಿಸಿದ್ದೇನೆ, ಇವಳು ಹೊಸೆಯುತ್ತಿರುವುದು ಹಗ್ಗವೋ ಹಗೆಯೋ ಎಂದು.

ಕಾನ್ವೆಂಟಿನಲ್ಲಿ ಅವಳು ನನ್ನ ಪಕ್ಕದಲ್ಲೇ ಕೂರುತ್ತಿದ್ದಳು. ಬೆಳಗಿನ ಪ್ರಾರ್ಥನೆಯಲ್ಲಿ "ನಮ್ಮ ತಪ್ಪುಗಳನ್ನು ಕ್ಷಮಿಸು" ಎನ್ನುವ ತನಕ ಅವಳ ಧ್ವನಿಯೇ ಎಲ್ಲರಿಗಿಂತ ಜೋರು. "ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸುವಂತೆ" ಎಂದು ಬಂದಾಗ ಬಾಯಿಗೆ ಬೀಗ. ಒಂದು ದಿನ ಸಿಸ್ಟರ್ ಗೊನ್ಸಾಗಾ ಹಿಡಿದುಬಿಟ್ಟರು.

"ಯಾಕೇ, ನಾಲಿಗೆ ಬಿದ್ದು ಹೋಯ್ತಾ?"

"ಇಲ್ಲ ಸಿಸ್ಟರ್. ದೇವರ ಹತ್ರ ಸುಳ್ಳು ಹೇಳಬಾರದು ಅಂತ ನೀವೇ ಹೇಳಿದ್ರಲ್ಲ."

ಅಂಗೈಗೆ ಅಡಿಕೋಲಿನ ಏಟು ಬಿತ್ತು. ಅಟ್ರಾಕ್ಟಾ ಕಣ್ಣು ಮಿಟುಕಿಸಲಿಲ್ಲ. ಮಾರನೆಯ ದಿನವೂ ಅದೇ ಸಾಲಿಗೆ ಅದೇ ಬೀಗ. ಕೊನೆಗೆ ಸಿಸ್ಟರೇ ಸೋತು, ಆ ಸಾಲು ಬಂದಾಗ ಬೇರೆ ಕಡೆ ನೋಡಲು ಕಲಿತರು.

ಯಾರನ್ನು ಕ್ಷಮಿಸಲಾರಳು ಎನ್ನುವುದು ಊರಿಗೇ ಗೊತ್ತಿತ್ತು: ಅವಳ ಸೋದರಮಾವ, ಥೇಡಿ ಹೆಶನ್.

ಹೆಶನ್‌ರದು ದಿಬ್ಬದ ಮೇಲಿನ ದೊಡ್ಡ ಮನೆ. ಆ ಮನೆಯ ಅಡುಗೆಕೋಣೆಗೆ ಕುರ್ಚಿ ಮಾಡಿಕೊಡಲು ಸೈಕಲ್ ಮೇಲೆ ಬಂದವನು ಫೆಸ್ಟಿ ಮಲ್ಕೆರಿನ್. ಕುರ್ಚಿಗಳನ್ನು ಕೊಟ್ಟ, ಮಗಳನ್ನು ತೆಗೆದುಕೊಂಡ. ಆ ಮಗಳು, ಅಂದರೆ ಅಟ್ರಾಕ್ಟಾಳ ಅಮ್ಮ ಸಬೀನಾ, ಅದೇ ಸೈಕಲ್ಲಿನ ಹಿಂದೆ ಕೂತು ಹೊರಟವಳು ದೂರವೇನೂ ಹೋಗಲಿಲ್ಲ. ದಿಬ್ಬ ಇಳಿದು ರಸ್ತೆ ತಿರುವಿನಲ್ಲಿ ಇಳಿದಳು, ಅಷ್ಟೇ. ಅವಳು ಇಳಿದದ್ದು ದಿಬ್ಬದಿಂದಲ್ಲ, ದರ್ಜೆಯಿಂದ ಎಂದು ಅಣ್ಣ ಥೇಡಿಗೆ ಅನ್ನಿಸಿತು. ಒಂದಿಂಚು ನೆಲವಿಲ್ಲದ ಕುರ್ಚಿಯವನಿಗೆ ಹೆಶನ್ ಹುಡುಗಿ! ಅಂದಿನಿಂದ ಮಾತಿಲ್ಲ.

ಹ್ಯಾಲೋವೀನ್ ಸಂಜೆ ಸತ್ತವರು ಮನೆಗೆ ಬರುತ್ತಾರೆ, ಬಾಗಿಲಿಗೆ ಅಗುಳಿ ಹಾಕುವಂತಿಲ್ಲ. ಎಲ್ಲ ಮನೆಗಳಲ್ಲೂ ಒಲೆಯ ಮುಂದೆ ಒಂದೆರಡು ಕುರ್ಚಿ ಎಳೆದಿಟ್ಟು ಸುಮ್ಮನಾಗುತ್ತೇವೆ. ಹೆಶನ್ ಮನೆಯಲ್ಲಿ ಮಾತ್ರ ಅದೊಂದು ದರ್ಬಾರು. ಸತ್ತ ಒಬ್ಬೊಬ್ಬರಿಗೂ ಒಂದೊಂದು ಕುರ್ಚಿ. ಮನೆಯ ಯಜಮಾನ ತನ್ನ ಕೈಯಾರೆ ಕುರ್ಚಿ ಹಾಕಿ, ಹೆಸರು ಹೇಳಿ, ಅವರು ಮಾಡಿದ ಒಂದು ನಿಜವಾದ ಸಂಗತಿಯನ್ನು ಎಲ್ಲರಿಗೂ ಕೇಳಿಸುವಂತೆ ಹೇಳಬೇಕು. ತನ್ನ ತಂದೆಯ ಕುರ್ಚಿಯಲ್ಲಿ ಮೊದಲು ತಾನೇ ಒಂದು ಗಳಿಗೆ ಕೂತು ಬಿಸಿ ಮಾಡಿ ಬಿಟ್ಟುಕೊಡಬೇಕು. ಕುರ್ಚಿ ಸಿಗದ ಹಿರಿಯರು ಮುಂದಿನ ಹ್ಯಾಲೋವೀನ್ ತನಕ ಯಜಮಾನನ ಎದೆಯ ಮೇಲೆ ಕೂರುತ್ತಾರಂತೆ. ನಮ್ಮೂರ ಸಮುದಾಯ ಹಾಲ್‌ನಲ್ಲಿ ಯೋಗ ಕಲಿಸುವ ಹೆಂಗಸು ಕೊನೆಗೆ ಎಲ್ಲರನ್ನೂ ಚಾಪೆಯ ಮೇಲೆ ಮಲಗಿಸಿ ಶವಾಸನ ಎನ್ನುತ್ತಾಳೆ. ನಾನೊಮ್ಮೆ ಅವಳನ್ನು ಹೆಶನ್ ಮನೆಗೆ ಕರೆದುಕೊಂಡು ಹೋಗಿ, ನಿಜವಾದ ಶವಾಸನ ಇಲ್ಲಿದೆ ನೋಡಮ್ಮ ಎಂದು ತೋರಿಸಬೇಕೆಂದಿದ್ದೇನೆ.

ಅಟ್ರಾಕ್ಟಾಗೆ ಏಳು ವರ್ಷವಾಗಿದ್ದಾಗ ದಿಬ್ಬದ ಮನೆಯಲ್ಲಿ ಸಬೀನಾಳ ತಾಯಿ ತೀರಿಕೊಂಡಳು. ಆ ವರ್ಷದ ಹ್ಯಾಲೋವೀನಿಗೆ ಸಬೀನಾ ಮಗಳ ಕೈ ಹಿಡಿದು, ಮಂಕರಿಯಲ್ಲಿ ಬ್ರ್ಯಾಕ್ ಇಟ್ಟುಕೊಂಡು ದಿಬ್ಬ ಹತ್ತಿದಳು. ಬ್ರ್ಯಾಕ್ ಎಂದರೆ ಒಣದ್ರಾಕ್ಷಿಯ ರೊಟ್ಟಿ. ಒಳಗೆ ಒಂದು ಉಂಗುರ, ಒಂದು ಚಿಂದಿ ಬಟ್ಟೆ ಹುದುಗಿಸಿರುತ್ತಾರೆ. ಉಂಗುರ ಸಿಕ್ಕವರಿಗೆ ಮದುವೆ, ಚಿಂದಿ ಸಿಕ್ಕವರಿಗೆ ಚಿಂದಿಯೇ. ಸಬೀನಾಗೆ ಬೇಕಿದ್ದದ್ದು ಅವೆರಡೂ ಅಲ್ಲ. ಅಮ್ಮನ ಕುರ್ಚಿಯ ಪಕ್ಕ ಸ್ವಲ್ಪ ಹೊತ್ತು ಕೂರಬೇಕಿತ್ತು.

ಥೇಡಿ ತನ್ನ ತಂದೆಯ ಕುರ್ಚಿ ಬಿಸಿ ಮಾಡುತ್ತ ಕೂತಿದ್ದ. ಬೆಂಕಿಯ ಸುತ್ತ ಉಳಿದ ಕುರ್ಚಿಗಳೆಲ್ಲ ಖಾಲಿ. ಗೋಡೆಯುದ್ದಕ್ಕೂ ಬೆಂಚುಗಳ ಮೇಲೆ ಊರವರು.

"ಥೇಡಿ, ಒಂದು ಗಳಿಗೆ ಅಮ್ಮನ ಹತ್ರ ಕೂತು ಹೋಗ್ತೀನಿ," ಎಂದಳು ಸಬೀನಾ ಬಾಗಿಲಲ್ಲೇ ನಿಂತು.

"ಎಲ್ಲಿ ಕೂರ್ತೀಯ? ಇವೆಲ್ಲ ಸತ್ತವರ ಕುರ್ಚಿ."

"ನೀನು ಕೂತಿದ್ದೀಯಲ್ಲ."

"ನನಗೆ ಮಂಡಿ ನೋವು. ನಿಲ್ಲೋಕಾಗಲ್ಲ."

"ಬೆಂಚಿನ ಮೇಲಾದ್ರೂ..."

"ಈ ಮನೆ ಬಿಟ್ಟು ಹೋದವರಿಗೆ ಈ ಮನೆ ಬೆಂಕಿ ಇಲ್ಲ. ಕುರ್ಚಿ ಬೇಕಾ? ಸತ್ತ ಮೇಲೆ ಬಾ, ಕೊಡ್ತೀನಿ."

ಯಾರೋ ಕಿಸಕ್ಕೆಂದು ನಕ್ಕರು. ಸಬೀನಾ ಹೊರಡಲಿಲ್ಲ. ಬಾಗಿಲ ಸಂದಿಯಿಂದ ನುಗ್ಗುವ ಗಾಳಿಗೆ ಬೆನ್ನು ಕೊಟ್ಟು, ಎಲ್ಲ ಹೆಸರುಗಳೂ ಮುಗಿಯುವವರೆಗೆ ನಿಂತೇ ಇದ್ದಳು. ಅವಳು ತಂದ ಬ್ರ್ಯಾಕನ್ನು ಎಲ್ಲರೂ ಕೂತು ತಿಂದರು. ಕೂತು ತಿನ್ನುವವರಿಗೆ ಕುಡಿಕೆ ಹೊನ್ನು ಸಾಲದು ಅನ್ನುತ್ತಾರೆ. ಅವತ್ತು ಒಂದು ಬ್ರ್ಯಾಕ್ ಸಾಕಾಯಿತು. ಇಳಿದು ಬರುವಾಗ ಸಬೀನಾ ಮಗಳಿಗೆ ಹೇಳಿದ್ದು ಒಂದೇ ಮಾತು: "ಆ ಕುರ್ಚಿಗಳನ್ನ ಮಾಡಿದ್ದು ನಿಮ್ಮಪ್ಪ."

ಸಬೀನಾ ನಲವತ್ತು ದಾಟುವ ಮೊದಲೇ ಸತ್ತಳು. ಆ ವರ್ಷದ ಹ್ಯಾಲೋವೀನ್ ದಿನ ಅಟ್ರಾಕ್ಟಾ ಕಾನ್ವೆಂಟಿನ ಸಮವಸ್ತ್ರದಲ್ಲೇ ದಿಬ್ಬ ಹತ್ತಿದಳು.

"ಮಾವ, ಅಮ್ಮ ಸತ್ತಿದ್ದಾರೆ. ಕುರ್ಚಿ ಕೊಡಿ."

ಥೇಡಿ ಅವಳನ್ನು ಮೇಲಿನಿಂದ ಕೆಳಗೆ ನೋಡಿದ. "ತಮಾಷೆಗೆ ಅಂದ ಮಾತನ್ನೆಲ್ಲ ಹಿಡ್ಕೊಂಡು ಬರ್ತಾರೇನೇ? ನಾನಿರೋ ತನಕ ಇಲ್ಲ."

"ಸರಿ. ನೀವು ಹೋಗೋ ತನಕ ಕಾಯ್ತೀನಿ," ಎಂದಳು ಹುಡುಗಿ, ಬಸ್ಸಿಗೆ ಕಾಯುವವರು ಹೇಳುವಂತೆ. ಹೇಳಿ ಬಾಗಿಲಲ್ಲಿ ಅಮ್ಮ ನಿಂತಿದ್ದ ಜಾಗದಲ್ಲೇ ನಿಂತಳು.

ಪ್ರತಿ ವರ್ಷ ನಿಂತಳು. ಬ್ರ್ಯಾಕ್ ತರುವುದು, ಬಾಗಿಲಲ್ಲಿ ನಿಲ್ಲುವುದು, ಕೊನೆಯ ಹೆಸರು ಮುಗಿದ ಮೇಲೆ ಹೋಗುವುದು. ಮೊದಮೊದಲು ಜನ ಮುಜುಗರಪಟ್ಟರು, ಆಮೇಲೆ ಛತ್ರಿ ಸ್ಟ್ಯಾಂಡಿನಂತೆ ಅವಳೂ ಬಾಗಿಲ ಬಳಿಯ ಸಾಮಾನಾದಳು. ಯಾರಾದರೂ ಕೂರು ಅಂದರೆ, "ಅಮ್ಮನಿಗೆ ಕುರ್ಚಿ ಹಾಕಲಿ, ಕೂರ್ತೀನಿ" ಎನ್ನುತ್ತಿದ್ದಳು. ಈ ನಡುವೆ ಅಪ್ಪನ ಕೆಲಸ ಅವಳ ಕೈಗೆ ಬಂತು. ಹೆಶನ್ ಕುರ್ಚಿಗಳ ಹುಲ್ಲು ಸವೆದಾಗ ಹೆಣೆಯಲು ಅವಳ ಬಳಿಯೇ ಬರಬೇಕು. ಥೇಡಿ ಕೂರುವ ಕುರ್ಚಿಯ ಹಗ್ಗದೊಳಗೆ ಅವಳು ಪ್ರತಿ ಸಲ ಮುಳ್ಳುಗಿಡದ ಒಂದು ಒಣ ಹೂವನ್ನು ಸೇರಿಸಿ ಹೊಸೆಯುತ್ತಿದ್ದಳು. ಚುಚ್ಚುವಷ್ಟಿಲ್ಲ, ಕೆರೆಯುವಷ್ಟು. ಇಗರ್ಜಿಯಲ್ಲಿ ಥೇಡಿ ಮಂಡಿಯೂರುವಾಗ ಹಿಂಭಾಗ ಕೆರೆದುಕೊಳ್ಳುವುದನ್ನು ನೋಡಿ ನಾವಿಬ್ಬರೂ ಪ್ರಾರ್ಥನೆ ಪುಸ್ತಕದಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದೆವು.

ಥೇಡಿ ಎದೆನೋವು ಬಂದು ಸತ್ತ. ಸಾವಿನ ಮನೆಯಲ್ಲಿ ಎಲ್ಲರೂ, "ಗಟ್ಟಿಮುಟ್ಟಾಗಿದ್ದ, ಎದೆಗೆ ಇದ್ದಕ್ಕಿದ್ದ ಹಾಗೆ ಏನು ಬಂತೋ" ಎಂದು ಮಾತಾಡಿಕೊಳ್ಳುತ್ತಿದ್ದಾಗ ಅಟ್ರಾಕ್ಟಾ ನನ್ನ ಕಿವಿಯಲ್ಲಿ ಉಸುರಿದಳು: "ಅಮ್ಮ ಕೂತ್ಕೊಂಡಿರಬೇಕು."

ಮುಂದಿನ ಹ್ಯಾಲೋವೀನಿಗೆ ಯಜಮಾನಿಕೆ ಥೇಡಿಯ ಮಗ ಮ್ಯಾಲಕಿಯದು. ಸಬೀನಾ ಬಾಗಿಲಲ್ಲಿ ನಿಂತ ದಿನ ಅವನು ಹತ್ತು ವರ್ಷದವನು, ಬೆಂಚಿನ ಮೇಲೆ ಕೂತು ನೋಡಿದವನು. ಆದರೂ ಅಪ್ಪನ ಕುರ್ಚಿ ಹಾಕಿದನೇ ಹೊರತು ಅತ್ತೆಯದನ್ನು ಹಾಕಲಿಲ್ಲ. "ಅಪ್ಪನ ನಿಯಮ ಕಣೇ, ನಾನೇನು ಮಾಡ್ಲಿ?" ಎಂದ. ಸತ್ತವರ ಹೆಗಲ ಮೇಲೆ ಬಂದೂಕಿಟ್ಟು ಹೊಡೆಯುವುದು ಸುಲಭ. ಅವರು ಹೆಗಲು ಜಾಡಿಸುವುದಿಲ್ಲ. ಅಟ್ರಾಕ್ಟಾ ಮತ್ತೆ ನಿಂತಳು.

ಹೀಗೆ ವರ್ಷಗಳು ನಡೆದವು, ಅವಳು ನಿಂತಳು. ನನ್ನ ಈ ಗೆಳತಿ ಮದುವೆಯಾದಳು, ಒಬ್ಬ ಮಗಳನ್ನು ಹೆತ್ತಳು, ಗಂಡನನ್ನು ಮಣ್ಣು ಮಾಡಿದಳು, ಹುಲ್ಲಿನ ಧೂಳಿಗೆ ಕೆಮ್ಮು ಹಿಡಿಸಿಕೊಂಡಳು. ಕುರ್ಚಿಯ ವಿಷಯ ಮಾತ್ರ ಬಿಡಲಿಲ್ಲ. ಅಪ್ಪ ಸಾಯುವ ಮುಂಚೆ ಕೊನೆಯದಾಗಿ ಮಾಡಿದ ಒಂದು ಕುರ್ಚಿಯನ್ನು ಅವಳು ಕೊಟ್ಟಿಗೆಯ ತೊಲೆಗೆ ನೇತುಹಾಕಿದ್ದಳು. ಅದರಲ್ಲಿ ಯಾರೂ ಕೂತಿರಲಿಲ್ಲ.

ಹೋದ ವರ್ಷ ಮಗಳು ಕ್ರಿಸ್‌ಮಸ್ಸಿಗೆಂದು ಅವಳಿಗೆ ಉಗುಳಿನ ಪರೀಕ್ಷೆಯ ಡಬ್ಬಿ ತಂದುಕೊಟ್ಟಳು. ಕೊಳವೆಯಲ್ಲಿ ಉಗುಳಿ ಕಳಿಸಿದರೆ ಪ್ರಪಂಚದಲ್ಲಿ ನಿಮ್ಮ ರಕ್ತಸಂಬಂಧಿಗಳು ಎಲ್ಲೆಲ್ಲಿದ್ದಾರೆಂದು ಹೇಳುತ್ತಾರಲ್ಲ, ಅದು. ಹೆಶನ್ ವಂಶದ ವಿಷಯಕ್ಕೆ ಅಟ್ರಾಕ್ಟಾ ಉಗುಳಿದ್ದು ಅದೇ ಮೊದಲೇನಲ್ಲ; ಆದರೆ ಉತ್ತರ ಬಂದದ್ದು ಮೊದಲ ಸಲ. ಬಾಸ್ಟನ್ನಿನ ಮರ್ಲಾ ಎನ್ನುವ ಒಬ್ಬಳು ಸಂಬಂಧಿ ಎಂದು ತೋರಿಸಿತು. ಅಟ್ರಾಕ್ಟಾ ನೋಡಿ ಮತ್ತೆ ಹಗ್ಗ ಹೊಸೆಯತೊಡಗಿದಳು.

ಈ ವರ್ಷ ಸೇಬು ಕೊಯ್ಯುವ ಹೊತ್ತಿಗೆ ಮ್ಯಾಲಕಿ ಟ್ರೇಲರಿನಲ್ಲಿ ಕುರ್ಚಿಗಳನ್ನೆಲ್ಲ ಹೇರಿಕೊಂಡು ಬಂದ. ಹುಲ್ಲನ್ನು ಇಲಿ ತಿಂದಿತ್ತು. ನಾನು ಅಲ್ಲೇ ಚಹಾ ಕುಡಿಯುತ್ತಿದ್ದೆ.

"ಅಟ್ರಾಕ್ಟಾ, ಹ್ಯಾಲೋವೀನಿಗೆ ಬಾಸ್ಟನ್ನಿಂದ ಜನ ಬರ್ತಿದ್ದಾರೆ. ಅಜ್ಜನ ತಮ್ಮ ಪ್ಯಾಟ್ಸಿ ತಾತನ ಮೊಮ್ಮಗಳು ಮರ್ಲಾ, ಅವಳ ಗಂಡ. ಎಲ್ಲರೂ ಒಟ್ಟಿಗೆ ಕೂತು ವಂಶದ ಕತೆ ಕೇಳ್ಬೇಕಂತೆ. ಸೀಟೆಲ್ಲ ಫಸ್ಟ್ ಕ್ಲಾಸ್ ಆಗ್ಬೇಕು."

"ಆಗತ್ತೆ. ಗೋಡೆ ಮೇಲೆ ವಂಶವೃಕ್ಷ ಬರೆಸಿದ್ದೀಯಂತೆ?"

"ಬಣ್ಣದಲ್ಲಿ! ಬಂದು ನೋಡು."

"ಅದರಲ್ಲಿ ನಮ್ಮಮ್ಮ ಇದ್ದಾರಾ?"

ಮ್ಯಾಲಕಿ ಟೋಪಿ ತೆಗೆದು ಒಳಗೆ ನೋಡಿದ, ಉತ್ತರ ಅಲ್ಲಿ ಬರೆದಿರುವ ಹಾಗೆ. "ಜಾಗ ಸಾಲ್ಲಿಲ್ಲ ಕಣೇ."

"ನಾಯಿ ಇದೆಯಂತೆ."

"ಅದು ಕುರಿ ಕಾಯೋ ಪಂದ್ಯದಲ್ಲಿ ಗೆದ್ದ ನಾಯಿ!"

"ಅಮ್ಮನಿಗೆ ಈ ವರ್ಷ ಒಂದು ಕುರ್ಚಿ ಹಾಕ್ತೀಯಾ ಮ್ಯಾಲಕಿ? ಇದೇ ಕೊನೇ ಸಲ ಕೇಳ್ತಿರೋದು."

"ಮತ್ತೆ ಅದೇ ರಾಗ. ಮನೆ ಬಿಟ್ಟು ಹೋದವರಿಗೆ..."

"ಪ್ಯಾಟ್ಸಿ ತಾತ ಎಲ್ಲಿಗೆ ಹೋಗಿದ್ರು? ಹಿತ್ತಲಿಗಾ? ಅವರಿಗೆ ಪ್ರತಿ ವರ್ಷ ಕುರ್ಚಿ ಹಾಕ್ತೀಯಲ್ಲ!"

"ಅವರು ಹಡಗಲ್ಲಿ ಹೋದ್ರು," ಎಂದ ಮ್ಯಾಲಕಿ ಗಂಭೀರವಾಗಿ. "ನಿಮ್ಮಮ್ಮ ಸೈಕಲ್ ಮೇಲೆ ಹೋದ್ರು."

ಚಹಾ ನನ್ನ ಮೂಗಿಗೆ ಹತ್ತಿತು. ಅಟ್ರಾಕ್ಟಾ ನಗಲಿಲ್ಲ. ಅವಳು ಕುರ್ಚಿಗಳನ್ನು ಒಂದೊಂದಾಗಿ ಇಳಿಸಿಕೊಂಡಳು, ಅಪ್ಪ ಕೆತ್ತಿದ ಕಾಲುಗಳನ್ನು ಹೆಬ್ಬೆರಳಿನಿಂದ ಸವರಿದಳು, "ಹ್ಯಾಲೋವೀನ್ ದಿನ ಮಧ್ಯಾಹ್ನ ತಂದಿಡ್ತೀನಿ" ಎಂದಳು. ಮುಖದಲ್ಲಿ ಮುಗುಳುನಗೆಯಿತ್ತು. ಸಿಸ್ಟರ್ ಗೊನ್ಸಾಗಾರಿಂದ ಅಡಿಕೋಲಿನ ಏಟು ತಿನ್ನುವ ಮುಂಚೆ ಇರುತ್ತಿದ್ದ ಮುಗುಳುನಗೆ ಅದು. ನನಗೆ ಭಯವಾಯಿತು, ಖುಷಿಯೂ ಆಯಿತು.

ಆ ದಿನ ಮಧ್ಯಾಹ್ನ ಕುರ್ಚಿಗಳು ದಿಬ್ಬ ಹತ್ತಿದವು, ಒಂದೊಂದಕ್ಕೂ ಗೋಣಿಚೀಲ ಹೊದಿಸಿ ದಾರ ಕಟ್ಟಿತ್ತು.

"ಈಗ್ಲೇ ಬಿಚ್ಚಬೇಡ," ಎಂದಳು ಅಟ್ರಾಕ್ಟಾ. "ಹೊಸ ಹುಲ್ಲು, ತೇವ ಹಿಡಿಯತ್ತೆ. ಸಂಜೆ ಅತಿಥಿಗಳ ಮುಂದೆ ಬಿಚ್ಚು. ನಾಟಕದ ಪರದೆ ತೆಗೆದ ಹಾಗಿರತ್ತೆ."

ಮ್ಯಾಲಕಿಗೆ ನಾಟಕವೆಂದರೆ ಪ್ರಾಣ. ಒಪ್ಪಿದ.

ಕತ್ತಲಾಗುತ್ತಿದ್ದಂತೆ ನಾವೆಲ್ಲ ಸೇರಿದೆವು. ಕಿಟಕಿಯಲ್ಲಿ ಟರ್ನಿಪ್ ಗಡ್ಡೆ ಕೊರೆದು ಮಾಡಿದ ದೀಪ, ಮೇಜಿನ ಮೇಲೆ ಸತ್ತವರ ಪಾಲಿಗೆಂದು ಬೆಣ್ಣೆ ಕರಗುತ್ತಿರುವ ಆಲೂಗಡ್ಡೆ ಎಲೆಕೋಸಿನ ಬಟ್ಟಲು. ಮರ್ಲಾ ಉದ್ದ ಕತ್ತಿನ, ಎಲ್ಲಕ್ಕೂ ಕಣ್ಣು ತುಂಬಿಕೊಳ್ಳುವ ಹೆಂಗಸು. ಗಂಡ ವೆಂಡೆಲ್ ಬಾಗಿಲು ತುಂಬುವಷ್ಟು ದಪ್ಪ. ಒಲೆಯ ಮೂಲೆಯಲ್ಲಿ ಕಂಬಳಿ ಹೊದ್ದ ಡೀಲಿಯಾ, ಮ್ಯಾಲಕಿಯ ತಾಯಿ, ಥೇಡಿಯ ವಿಧವೆ. ತೊಂಬತ್ತು ದಾಟಿದೆ. ಕೇಳಬೇಕಾದ್ದು ಕೇಳುವುದಿಲ್ಲ, ಕೇಳಬಾರದ್ದೆಲ್ಲ ಕೇಳುತ್ತದೆ. ಅಟ್ರಾಕ್ಟಾ ಬ್ರ್ಯಾಕ್ ಕೊಟ್ಟು ಬಾಗಿಲಲ್ಲಿ ತನ್ನ ಜಾಗದಲ್ಲಿ ನಿಂತಳು. ಬ್ರ್ಯಾಕಿನಲ್ಲಿ ಉಂಗುರ ವೆಂಡೆಲ್‌ಗೆ ಸಿಕ್ಕಿತು.

"ಇನ್ನೊಂದು ಮದುವೆ!" ಎಂದು ಯಾರೋ ಕೂಗಿದರು.

"ಯಾರ ಜೊತೆ?" ಎಂದು ಮರ್ಲಾ ಅವನನ್ನು ನೋಡಿದ ರೀತಿಗೆ ಅವನು ಉಂಗುರವನ್ನೇ ನುಂಗಿಬಿಡುತ್ತಾನೇನೋ ಅನ್ನಿಸಿತು.

ಮ್ಯಾಲಕಿ ಗಂಟಲು ಸರಿಮಾಡಿಕೊಂಡ. ಗೋಡೆಯ ಮರವನ್ನು ಬುಡದಿಂದ ತುದಿಯವರೆಗೆ ವಿವರಿಸಿದ. ನಾಯಿಯ ಕೊಂಬೆಗೆ ಬಂದಾಗ ಸ್ವಲ್ಪ ಭಾವುಕನಾದ. ಮರ್ಲಾ ಕೈಯೆತ್ತಿದಳು, ಶಾಲೆಯ ಹುಡುಗಿಯಂತೆ.

"ಒಂದು ಪ್ರಶ್ನೆ. ಉಗುಳಿನ ಪರೀಕ್ಷೆಯಲ್ಲಿ ಈ ಊರಲ್ಲಿ ನನಗೆ ಒಬ್ಬಳು ತುಂಬ ಹತ್ತಿರದ ಸಂಬಂಧಿ ಇದ್ದಾಳೆ ಅಂತ ಬಂತು. ಅಟ್ರಾಕ್ಟಾ ಅಂತ. ಅವಳು ಯಾವ ಕೊಂಬೆ?"

ಒಲೆಯಲ್ಲಿ ಒಂದು ಕೊಳ್ಳಿ ಚಟಪಟ ಎಂದಿತು. ಮ್ಯಾಲಕಿ, "ಅದೆಲ್ಲ ಆಮೇಲೆ, ಮೊದಲು ಹಿರಿಯರು!" ಎಂದು ಅವಸರದಲ್ಲಿ ಅಪ್ಪನ ಕುರ್ಚಿಯ ಬಳಿ ಹೋದ. ಮುಖ ಅತಿಥಿಗಳ ಕಡೆ. ಬೆನ್ನ ಹಿಂದೆ ಕೈ ಚಾಚಿ ದಾರ ಎಳೆದು, ಗೋಣಿಯನ್ನು ಜಾದೂಗಾರನಂತೆ ಕಿತ್ತೆಸೆದು, "ನನ್ನ ತಂದೆ ಥೇಡಿ ಹೆಶನ್. ಈ ಪೀಠವನ್ನು ನಾನು ಬಿಸಿ ಮಾಡಿ..." ಎನ್ನುತ್ತ ಕೂತ.

ಕೂತ ಎನ್ನುವುದು ಪೂರ್ತಿ ಸರಿಯಲ್ಲ. ಇಳಿದ.

ಕುರ್ಚಿಗೆ ಸೀಟಿರಲಿಲ್ಲ. ನಾಲ್ಕು ಕಾಲು, ಬೆನ್ನು, ಮೆರುಗು ಹಚ್ಚಿದ ಚೌಕಟ್ಟು, ನಡುವೆ ಬರೀ ಗಾಳಿ. ಯಜಮಾನನ ಹಿಂಭಾಗ ಆ ಚೌಕದೊಳಗೆ ಬಿರಡೆಯಂತೆ ಕೂತಿತು. ಮಂಡಿಗಳು ಮೂಗಿಗೆ ಬಂದವು. ನಾನು ಬೇರೆ ಗೋಣಿಗಳನ್ನು ಎಳೆದು ನೋಡಿದೆ. ಎಲ್ಲವೂ ಹಾಗೆಯೇ.

"ಅಟ್ರಾಕ್ಟಾ!" ಎಂದು ಅರಚಿದ ಮ್ಯಾಲಕಿ. "ಸೀಟೆಲ್ಲೇ?"

"ಕೂರೋರು ದೆವ್ವಗಳು ತಾನೆ? ದೆವ್ವಕ್ಕೆ ಸೀಟ್ ಯಾಕೆ?" ಎಂದಳು ಅವಳು ಬಾಗಿಲಿಂದಲೇ.

"ನನ್ನ ಎತ್ರೋ ಯಾರಾದ್ರೂ!"

"ಏಳಬೇಡ, ಕೂತ್ಕೋ. ನೀನು ಕೂತಿರು, ನಾನು ನಿಂತಿರ್ತೀನಿ. ಈ ಮನೇಲಿ ಯಾವಾಗ್ಲೂ ಹಾಗೇ ಅಲ್ವಾ?"

ವೆಂಡೆಲ್ ಅವನ ಎರಡೂ ಕೈ ಹಿಡಿದು ಎಳೆದ. ಮ್ಯಾಲಕಿಯ ಜೊತೆ ಕುರ್ಚಿಯೂ ಎದ್ದಿತು. ನಾನು ಕುರ್ಚಿಯ ಕಾಲು ಹಿಡಿದುಕೊಂಡೆ. ಬಾಟಲಿ ತೆಗೆದ ಸದ್ದಿನೊಂದಿಗೆ ಯಜಮಾನ ಹೊರಬಂದ. ಮುಖ ಬೀಟ್‌ರೂಟ್ ಆಗಿತ್ತು. ಕಣ್ಣು ಮಾತ್ರ ಬಾಗಿಲ ಕಡೆ, ಕತ್ತಲ ಕಡೆ ಹೋಗುತ್ತಿತ್ತು. ಬರುವವರು ಬರುವ ಹೊತ್ತು, ಕೂರಿಸಲು ಒಂದು ಕುರ್ಚಿಯಿಲ್ಲ. ಅವನ ಕೈ ತಾನಾಗಿ ಎದೆಯ ಮೇಲೆ ಹೋಯಿತು.

"ಊರ ಹಾಲ್‌ನಿಂದ ಪ್ಲಾಸ್ಟಿಕ್ ಕುರ್ಚಿ ತರಿಸಿ!" ಎಂದ.

ಹಾಲ್‌ನ ಬೀಗದಕೈ ನನ್ನ ಬಳಿಯಿತ್ತು. ನಾನೂ ವೆಂಡೆಲ್ಲೂ ಓಡಿಹೋಗಿ ಬಿಂಗೊ ಆಟಕ್ಕೆ ಹಾಕುವ ಬಿಳಿ ಕುರ್ಚಿಗಳನ್ನು ತಂದೆವು. ಮ್ಯಾಲಕಿ ಅವನ್ನು ಬೆಂಕಿಯ ಸುತ್ತ ಜೋಡಿಸುತ್ತಿದ್ದಂತೆ ಮೂಲೆಯಿಂದ ಡೀಲಿಯಾಳ ಧ್ವನಿ ಬಂತು.

"ಏನೋ ಅದು? ಬಕೆಟ್ಟಾ?"

"ಕುರ್ಚಿ ಅಮ್ಮಾ."

"ನಿಮ್ಮಜ್ಜಿ ಇದರ ಮೇಲೆ ಕೂರಲ್ಲ. ಬೆಂಕಿ ಹತ್ರ ಇಟ್ರೆ ಕರಗತ್ತೆ ಮುಂಡೇದೆ. ಸತ್ತವರನ್ನೂ ಸುಡ್ತೀಯಾ?"

ಯಾರಿಗೂ ನಗು ತಡೆಯಲಾಗಲಿಲ್ಲ. ಮ್ಯಾಲಕಿ ಅಟ್ರಾಕ್ಟಾಳ ಕಡೆ ತಿರುಗಿದ. ಈ ಸಲ ಧ್ವನಿ ಇಳಿದಿತ್ತು.

"ಹುಲ್ಲು ಎಲ್ಲಿದೆ?"

"ನನ್ನ ವ್ಯಾನಲ್ಲಿ. ಹಗ್ಗ ಹೊಸೆದೇ ತಂದಿದ್ದೀನಿ. ದೆವ್ವದ ತೂಕಕ್ಕೆ ಒಂದು ಸುತ್ತು ಸುತ್ತಿದ್ರೆ ಸಾಕು, ಊಟದ ಹೊತ್ತಿಗೆ ಎಲ್ಲ ಮುಗಿಯತ್ತೆ. ಆದರೆ ಅದಕ್ಕೆ ಮುಂಚೆ ಒಂದು ಕುರ್ಚಿ ಬೆಂಕಿ ಹತ್ರ ಬರಬೇಕು. ಅಪ್ಪ ಕೊನೇಲಿ ಮಾಡಿದ್ದು, ಗೇಟಿನ ಹತ್ರ ಇಟ್ಟಿದ್ದೀನಿ. ಸೀಟಿದೆ ಅದಕ್ಕೆ."

"ನೀನೇ ತಂದು ಹಾಕ್ಕೋ. ನಾನು ಬೇಡ ಅನ್ನಲ್ಲ."

"ಊಹ್ಞೂ. ಯಜಮಾನನ ಕೈಯಾರೆ. ಹೆಸರು ಹೇಳಿ, ಒಂದು ನಿಜ ಹೇಳಿ. ನಾನು ಹಾಕೋ ಹಾಗಿದ್ದಿದ್ರೆ ಇಷ್ಟು ವರ್ಷ ನಿಲ್ತಿದ್ನಾ?"

"ಅಪ್ಪನ ಮಾತು ಮೀರೋದು ಹೇಗೆ..."

"ನಿಮ್ಮಪ್ಪನ ಮಾತು ಏನಿತ್ತು? 'ಸತ್ತ ಮೇಲೆ ಬಾ, ಕೊಡ್ತೀನಿ.' ಇಷ್ಟು ವರ್ಷ ಮೀರಿದ್ದು ನೀವು. ನಾನು ಆ ಮಾತನ್ನ ನಡೆಸಿಕೊಡು ಅಂತಿದ್ದೀನಿ."

ಮರ್ಲಾ ಮೆಲ್ಲಗೆ ನನ್ನನ್ನು ಕೇಳಿದಳು, "ಯಾರು ಬರಬೇಕಿತ್ತು? ಯಾಕೆ ಕೊಡ್ಲಿಲ್ಲ?" ನಾನು ಹೇಳಿದೆ. ಪಿಸುಮಾತಿನಲ್ಲೇ ಹೇಳಿದೆ, ಆದರೆ ನನ್ನ ಪಿಸುಮಾತು ಕಾನ್ವೆಂಟಿನಲ್ಲಿ ಪಳಗಿದ್ದು, ಗೋಡೆ ದಾಟುತ್ತದೆ. ಮರ್ಲಾ ಮರದ ಮೇಲಿನ ನಾಯಿಯನ್ನು ನೋಡಿದಳು, ಬಾಗಿಲಲ್ಲಿದ್ದ ಅಟ್ರಾಕ್ಟಾಳನ್ನು ನೋಡಿದಳು, ಆಮೇಲೆ ತಾನು ಕೂತಿದ್ದ ಬೆಂಚಿನಿಂದ ಎದ್ದು ನಿಂತಳು. ವೆಂಡೆಲ್ ಹೆಂಡತಿಯ ಮುಖ ನೋಡಿ ತಾನೂ ಎದ್ದ. ನಾನು ಮೊದಲೇ ನಿಂತಿದ್ದೆ. ಒಬ್ಬೊಬ್ಬರಾಗಿ ಬೆಂಚುಗಳು ಖಾಲಿಯಾದವು. ಬೆಂಕಿಯ ಸುತ್ತ ಖಾಲಿ ಚೌಕಟ್ಟುಗಳು, ಗೋಡೆಯ ಸುತ್ತ ನಿಂತ ಜನ. ಕೂತವಳು ಡೀಲಿಯಾ ಒಬ್ಬಳೇ.

ಮ್ಯಾಲಕಿ ಹೊರಗೆ ಹೋದ. ಬಾಗಿಲು ದಾಟುವಾಗ ಅಟ್ರಾಕ್ಟಾ ಅವನಿಗೆ ದಾರಿ ಬಿಡಲಿಲ್ಲ. ಅವನೇ ಓರೆಯಾಗಿ ನುಸುಳಬೇಕಾಯಿತು. ಕುರ್ಚಿ ಎತ್ತಿಕೊಂಡು ಬಂದಾಗಲೂ ಹಾಗೆಯೇ. ಒಲೆಗೆ ಎಲ್ಲಕ್ಕಿಂತ ಹತ್ತಿರ, ಅಜ್ಜಿಯ ಚೌಕಟ್ಟಿನ ಪಕ್ಕ ಇಟ್ಟ. ಹುಲ್ಲಿನ ಸೀಟು ಬೆಂಕಿಗೆ ಜೇನಿನ ಬಣ್ಣ ಹೊಡೆಯುತ್ತಿತ್ತು.

"ಸಬೀನಾ ಹೆಶನ್," ಎಂದ.

"ಮಲ್ಕೆರಿನ್," ಎಂದಳು ಅಟ್ರಾಕ್ಟಾ.

"ಸಬೀನಾ ಮಲ್ಕೆರಿನ್. ನನ್ನ ಅತ್ತೆ. ಅವರು..." ಅವನು ಅಲ್ಲಿಗೆ ನಿಂತ. ಸುಲಭದ ಮಾತು ಹುಡುಕುತ್ತಿದ್ದಾನೆ ಎಂದು ಎಲ್ಲರಿಗೂ ಗೊತ್ತಾಯಿತು. ಒಳ್ಳೆ ಬ್ರ್ಯಾಕ್ ಮಾಡ್ತಿದ್ರು, ಚೆನ್ನಾಗಿ ಹಾಡ್ತಿದ್ರು, ಅಂಥದ್ದು. ಅಟ್ರಾಕ್ಟಾ ಅಲುಗಾಡಲಿಲ್ಲ. ಬಾಗಿಲ ಗಾಳಿಗೆ ಅವಳ ಸ್ಕರ್ಟಿನ ಅಂಚು ಮಾತ್ರ ಅಲ್ಲಾಡುತ್ತಿತ್ತು. ಅವನು ಆ ಅಂಚನ್ನೇ ನೋಡುತ್ತ, ಹತ್ತು ವರ್ಷದ ಹುಡುಗನ ಧ್ವನಿಯಲ್ಲಿ ಹೇಳಿದ: "ಅವರು ಆ ಬಾಗಿಲಲ್ಲಿ ನಿಂತಿದ್ರು. ಕೊನೇ ತನಕ. ಅವರ ಬ್ರ್ಯಾಕು ತಿಂದ್ವಿ, ಅವರಿಗೆ ಒಂದು ಲೋಟ ಟೀ ಕೂಡ ಕೊಡ್ಲಿಲ್ಲ. ನನಗೆ ಎರಡು ತುಂಡು ಸಿಕ್ಕಿತ್ತು."

ಅಟ್ರಾಕ್ಟಾ ತಲೆಯಾಡಿಸಿದಳು. ವ್ಯಾನಿನ ಕೀಲಿ ವೆಂಡೆಲ್ ಕಡೆ ಎಸೆದಳು.

ಆಮೇಲಿನದು ಜಾತ್ರೆ. ವೆಂಡೆಲ್ ಹಗ್ಗದ ಸುರುಳಿಗಳನ್ನು ಕುತ್ತಿಗೆಗೆ ಹಾಕಿಕೊಂಡು ತಂದ. ಅಟ್ರಾಕ್ಟಾ ನೆಲದ ಮೇಲೆ ಮಂಡಿಯೂರಿ ಸುತ್ತಿದಳು. ಮರ್ಲಾ ಚೌಕಟ್ಟು ಹಿಡಿದುಕೊಂಡಳು, ಒಂದೊಂದು ಕುರ್ಚಿ ಯಾರದೆಂದು ಕೇಳಿದಳು. ಕೇಳಿದ್ದಕ್ಕೆಲ್ಲ ಡೀಲಿಯಾ ಉತ್ತರ ಕೊಟ್ಟಳು. ಮ್ಯಾಲಕಿ ಮೆರುಗು ಹಚ್ಚಿ ಇಟ್ಟುಕೊಂಡಿದ್ದ ಕತೆಗಳ ಒಳಗಿನ ಹುಲ್ಲೆಲ್ಲ ಆಚೆ ಬಂತು. ಗೂಳಿಯನ್ನು ಎದುರಿಸಿ ಸತ್ತ ವೀರ ಲ್ಯೂಕ್ ನಿಜವಾಗಿ ಗೂಳಿಯ ಕೊಟ್ಟಿಗೆಯಲ್ಲಿ ಕುಡಿದು ಮಲಗಿದ್ದನಂತೆ. ಪ್ಯಾಟ್ಸಿ ತಾತ ಹಡಗು ಹತ್ತಿದ್ದು ಹೊಟ್ಟೆಪಾಡಿಗಲ್ಲ, ಇಬ್ಬರು ಹುಡುಗಿಯರಿಗೆ ಒಂದೇ ಉಂಗುರ ತೋರಿಸಿದ್ದಕ್ಕೆ. ಮರ್ಲಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಇದನ್ನು ಕೇಳಲಿಕ್ಕೇ ಸಮುದ್ರ ದಾಟಿ ಬಂದೆ ಎಂದಳು. ಗೋಡೆಯ ವಂಶವೃಕ್ಷದ ಬಣ್ಣ ಮಾತ್ರ ಒಣಗಿಹೋಗಿತ್ತು, ತಿದ್ದಲಾಗುವಂತಿರಲಿಲ್ಲ. ಮರ್ಲಾ ತನ್ನ ತುಟಿಬಣ್ಣದ ಕಡ್ಡಿ ತೆಗೆದು, ಥೇಡಿಯ ಪಕ್ಕದಲ್ಲೇ, ಅವನಿಗಿಂತ ದಪ್ಪ ಅಕ್ಷರದಲ್ಲಿ ಸಬೀನಾ ಎಂದು ಬರೆದಳು.

ಅಜ್ಜ ಕೂತ, ಅಜ್ಜಿ ಕೂತಳು, ಪ್ಯಾಟ್ಸಿ ಕೂತ, ಲ್ಯೂಕ್ ಕೂತ. ಒಂದು ಚೌಕಟ್ಟು ಉಳಿಯಿತು. ಅಟ್ರಾಕ್ಟಾ ಅದಕ್ಕೆ ಒಂದೇ ಒಂದು ಎಳೆಯನ್ನು ಅಡ್ಡಲಾಗಿ ಎಳೆದು ಗಂಟು ಹಾಕಿ, ಕೈ ಕೊಡವಿ ಎದ್ದಳು.

"ಅಪ್ಪನದು ಮುಗಿಸ್ಲಿಲ್ಲ," ಎಂದ ಮ್ಯಾಲಕಿ.

"ಈ ವರ್ಷಕ್ಕೆ ಇಷ್ಟೇ. ಮುಂದಿನ ಹ್ಯಾಲೋವೀನಿಗೆ ಇನ್ನೊಂದು ಎಳೆ."

"ಅಟ್ರಾಕ್ಟಾ, ಒಂದು ಸೀಟಿಗೆ ನೂರಾರು ಎಳೆ ಬೇಕು!"

"ಎಣಿಸಿದ್ದೀನಿ."

"ನಾನು ಕೈಯಾರೆ ಹಾಕಿದೆ, ಎಲ್ಲರ ಮುಂದೆ ಹೇಳಿದೆ. ಇನ್ನೇನು ಬೇಕೇ ನಿನಗೆ? ಅಪ್ಪ ಎಲ್ಲಿ ಕೂರ್ತಾರೆ?"

"ಕೂರಲ್ಲ," ಎಂದಳು ಅಟ್ರಾಕ್ಟಾ. ಥೇಡಿಯ ಕುರ್ಚಿಯನ್ನು ಒಂದೇ ಕೈಯಲ್ಲಿ ಎತ್ತಿ ಬಾಗಿಲ ಬಳಿ, ಗಾಳಿ ನುಗ್ಗುವ ಆ ಜಾಗದಲ್ಲಿ ಇಟ್ಟಳು. ಅವಳ ಬೂಟುಗಳಿಗೆ ಸವೆದು ಕಲ್ಲು ಅಲ್ಲಿ ಕುಳಿಬಿದ್ದಂತೆ ಕಾಣುತ್ತಿತ್ತು. "ಇಲ್ಲಿ ಜಾಗ ಖಾಲಿಯಾಗಿದೆ. ನಿಂತಿರ್ಲಿ."

ಮ್ಯಾಲಕಿ ತಾಯಿಯ ಕಡೆ ನೋಡಿದ. ಗಂಡನ ಪರವಾಗಿ ಡೀಲಿಯಾ ಏನಾದರೂ ಹೇಳಲೇಬೇಕಲ್ಲ. ಅವಳು ಕಂಬಳಿಯೊಳಗಿಂದ ಕುರ್ಚಿಯನ್ನು ದಿಟ್ಟಿಸಿದಳು.

"ನಿಲ್ಲಲಿ ಬಿಡೋ," ಎಂದಳು. "ಜೀವಮಾನ ಪೂರ್ತಿ ಕೂತೇ ಇದ್ದ. ತಟ್ಟೆ ತರೋಳು ನಾನು, ಬೂಟು ಬಿಚ್ಚೋಳು ನಾನು."

ಅಟ್ರಾಕ್ಟಾ ಬಿಂಗೊದ ಬಿಳಿ ಕುರ್ಚಿಯೊಂದನ್ನು ಎಳೆದು ಅಮ್ಮನ ಕುರ್ಚಿಯ ಪಕ್ಕ ಹಾಕಿಕೊಂಡಳು. ಆ ಮನೆಯಲ್ಲಿ ಅವಳು ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಕೂತದ್ದು ಬೆಂಕಿಗೆ ಎದುರಾಗಿ ಅಲ್ಲ, ಬಾಗಿಲಿಗೆ ಎದುರಾಗಿ. ನಾನು ಅವಳಿಗೆ ಒಂದು ಲೋಟ ಟೀ ತಂದುಕೊಟ್ಟೆ. ಅವಳು ಅದನ್ನು ಅಮ್ಮನ ಸೀಟಿನ ಮೇಲಿಟ್ಟು ಇನ್ನೊಂದು ಕೇಳಿದಳು.

ಹೊರಗಡೆ ಗಾಳಿ ಜೋರಾಯಿತು. ಅಗುಳಿಯಿಲ್ಲದ ಬಾಗಿಲು ಒಂದು ಗೇಣು ತೆರೆದುಕೊಂಡು, ಆ ಒಂಟಿ ಎಳೆಯ ಕುರ್ಚಿಗೆ ಬಡಿದು ನಿಂತಿತು. ಎಲ್ಲರೂ ಅತ್ತ ನೋಡಿದೆವು.

"ಥೇಡಿಗೆ ಮಂಡಿ ನೋವಿತ್ತು," ಎಂದಳು ಡೀಲಿಯಾ, ಹವಾಮಾನದ ಬಗ್ಗೆ ಹೇಳುವವಳಂತೆ.

"ಗೊತ್ತು," ಎಂದಳು ಅಟ್ರಾಕ್ಟಾ, ಬ್ರ್ಯಾಕಿನ ಎರಡನೆಯ ತುಂಡಿಗೆ ಬೆಣ್ಣೆ ಸವರುತ್ತ.